ಬಾರ್ ಲೆಕ್ಕ ಸರಿ, ಸ್ವರ ಮಾತ್ರ ತಪ್ಪು: ಶೀಟ್ ಮ್ಯೂಸಿಕ್ ಸ್ಕ್ಯಾನಿಂಗ್ ಎಲ್ಲಿಗೆ ಬಂತು

ಅಚ್ಚಾದ ಪಿಯಾನೋ ಹಾಳೆಗಳ ಸ್ಕ್ಯಾನಿಂಗ್ ಮುಗಿಯಿತು, ತಿದ್ದುವ ಕೆಲಸ ನಡೀತಾ ಇದೆ. ಕೈಬರಹದ ಕಟ್ಟಿಗೆ ಈಗಷ್ಟೇ ಕೈ ಹಾಕಿದ್ದೇನೆ. ಹಾಳೆಯ ಚಿತ್ರ ನೋಡಿ ಸ್ವರ ಗುರುತಿಸುವ ಆಡಿವೆರಿಸ್‌ನಲ್ಲಿ ಓದಿಸಿ, ಮ್ಯೂಸಿಕ್‌ಎಕ್ಸ್‌ಎಂಎಲ್ (ನೊಟೇಷನ್ ಹಂಚಿಕೊಳ್ಳುವ ಫೈಲ್ ಮಾದರಿ) ಫೈಲ್ ತೆಗೆದು, ನೊಟೇಷನ್ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್‌ನಲ್ಲಿ ತಿದ್ದುತ್ತೇನೆ. ಸಾಫ್ಟ್‌ವೇರ್ ಎರಡೂ ಉಚಿತ. ಮ್ಯೂಸಿಕ್‌ಎಕ್ಸ್‌ಎಂಎಲ್‌ನ ಮೊದಲ ಆವೃತ್ತಿ ಬಂದದ್ದು 2004ರಲ್ಲಿ. ಈಗ ನೊಟೇಷನ್ ಬರೆಯುವ ಹೆಚ್ಚಿನ ಸಾಫ್ಟ್‌ವೇರ್‌ಗಳು ಅದನ್ನು ತೆರೆಯುತ್ತವೆ. ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋದರೂ ಮಾಡಿದ ಕೆಲಸ ನೀರುಪಾಲಾಗುವುದಿಲ್ಲ.

ಸ್ಕ್ಯಾನ್

ಸ್ವರ ಬರೆಯುವ ಐದು ಗೆರೆಗಳ ಸ್ಟಾಫ್ 7 ಮಿ.ಮೀ. ಎತ್ತರ ಇದ್ದರೆ, ಗೆರೆಯಿಂದ ಗೆರೆಗೆ 1.75 ಮಿ.ಮೀ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಅದು ಸುಮಾರು 20 ಪಿಕ್ಸೆಲ್. ಅಷ್ಟಿದ್ದರೆ ಸಾಕು. ಪಾಕೆಟ್ ಸ್ಕೋರ್‌ನಲ್ಲಿ, ಅಂದರೆ ಕಿರುಗಾತ್ರದ ಸಂಗೀತ ಪುಸ್ತಕದಲ್ಲಿ, ಸ್ಟಾಫ್ 4 ಮಿ.ಮೀ. ಆಸುಪಾಸು ಇದ್ದರೆ ಅದೇ 300ರಲ್ಲಿ ಸಿಗೋದು 12 ಪಿಕ್ಸೆಲ್. ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು) ಯಾವುದು, ನ್ಯಾಚುರಲ್ (ಅದನ್ನು ರದ್ದು ಮಾಡುವ ಗುರುತು) ಯಾವುದು ಅನ್ನೋದೇ ಕಲಸಿಹೋಗುತ್ತದೆ. ಅಂಥವನ್ನು 600ರಲ್ಲಿ ತೆಗೆದೆ. ಎಲ್ಲವನ್ನೂ ಸುಮ್ನೆ 600ರಲ್ಲೇ ತೆಗೆದರೆ ಫೈಲ್ ದಪ್ಪ ಆಗುತ್ತದೆ ಅಷ್ಟೆ, ಓದು ಸುಧಾರಿಸುವುದಿಲ್ಲ.

ಕಪ್ಪು-ಬಿಳುಪು ಬೇಡ, ಗ್ರೇಸ್ಕೇಲ್ ಇರಲಿ. ಯಾವ ಬೂದು ಚುಕ್ಕೆ ಕಪ್ಪು, ಯಾವುದು ಬಿಳಿ ಅನ್ನೋ ತೀರ್ಮಾನವನ್ನು ಆಮೇಲೆ ಬೇಕಾದಷ್ಟು ಸಲ ಬದಲಿಸಬಹುದು. ಸ್ಕ್ಯಾನರೇ ತೀರ್ಮಾನಿಸಿಬಿಟ್ಟರೆ ಮಾಸಿದ ಗೆರೆ ಹೋಯಿತು ಅಂತಲೇ ಲೆಕ್ಕ. ಫೈಲ್ ಜೆಪೆಗ್ ಬದಲು ಪಿಎನ್‌ಜಿ.

ಓದು, ಮತ್ತು ಎರಡು ಬಗೆಯ ತಪ್ಪು

ಸ್ವರದ ಗುಂಡು ಯಾವ ಗೆರೆ ಮೇಲಿದೆ ಅನ್ನೋದನ್ನು ಯಂತ್ರ ಚೆನ್ನಾಗಿಯೇ ಹಿಡಿಯುತ್ತದೆ. ಎಡವುವುದು ಚಿಕ್ಕ ಚಿಕ್ಕ ಗುರುತುಗಳಲ್ಲಿ, ಅದರಲ್ಲೂ ಚುಕ್ಕೆಯಲ್ಲಿ. ಗುಂಡಿನ ಬಲಕ್ಕೆ ಚುಕ್ಕೆ ಇದ್ದರೆ ಸ್ವರ ಒಂದೂವರೆ ಪಟ್ಟು ಉದ್ದ. ಮೇಲೋ ಕೆಳಗೋ ಇದ್ದರೆ ಸ್ಟಕಾಟೋ, ಅಂದರೆ ಮೊಟಕಾಗಿ ನುಡಿಸಬೇಕು. ಬಲಕ್ಕೆ ಧೂಳಿನ ಕಣ ಕೂತಿದ್ದರೆ ಅದೂ ಚುಕ್ಕೆಯೇ!

ಬಾರ್‌ನ, ಅಂದರೆ ಎರಡು ಅಡ್ಡಗೀಟುಗಳ ನಡುವಿನ ತುಂಡಿನ, ಬೀಟ್ ಲೆಕ್ಕ ಇಲ್ಲಿ ಕೈ ಹಿಡಿಯುತ್ತದೆ. 3/4ರ, ಅಂದರೆ ಮೂರು ಬೀಟಿನ, ಒಂದು ಬಾರ್ ತಗೊಳ್ಳಿ: ಚುಕ್ಕೆ ಇರುವ ಕ್ವಾರ್ಟರ್ (ಚುಕ್ಕೆ ಇಲ್ಲದಿದ್ದರೆ ಒಂದು ಬೀಟಿನ ಸ್ವರ), ಒಂದು ಎಂಟನೇ ಸ್ವರ (ಅರ್ಧ ಬೀಟ್), ಇನ್ನೊಂದು ಕ್ವಾರ್ಟರ್. ಒಂದೂವರೆ, ಅರ್ಧ, ಒಂದು, ಒಟ್ಟು ಮೂರು. ಚುಕ್ಕೆ ಕಾಣದೇ ಹೋದರೆ ಎರಡೂವರೆ. ಆಡಿವೆರಿಸ್ ಆ ಬಾರ್‌ಗೆ ನಸುಗೆಂಪು ಬಳಿದು ತೋರಿಸುತ್ತದೆ, ಹೋಗಿ ಚುಕ್ಕೆ ಇಟ್ಟರೆ ಆಯಿತು. ಇಂಥ ತಪ್ಪು ಎಷ್ಟಿದ್ದರೂ ನನಗೆ ಬೇಜಾರಿಲ್ಲ, ತಾನಾಗೇ ಸಿಕ್ಕಿಬೀಳುತ್ತದೆ.

ಸಿಕ್ಕಿಬೀಳದ ತಪ್ಪುಗಳೇ ಸಮಯ ತಿನ್ನುತ್ತಿವೆ. ಒಂದು ಬಾರ್‌ನಲ್ಲಿ ಧೂಳು ಚುಕ್ಕೆಯಾಗಿ ಅರ್ಧ ಬೀಟ್ ಜಾಸ್ತಿಯಾಗಿತ್ತು. ಅದೇ ಬಾರ್‌ನಲ್ಲಿ ಎಂಟನೇ ರೆಸ್ಟ್ (ಅರ್ಧ ಬೀಟಿನ ಮೌನದ ಗುರುತು) ಕಾಣದೆ ಅರ್ಧ ಬೀಟ್ ಕಮ್ಮಿಯಾಗಿತ್ತು. ಕೂಡಿದರೆ ಲೆಕ್ಕ ಸರಿ! ಶಾರ್ಪ್ ಬಿಟ್ಟುಹೋದರಂತೂ ಬೀಟ್‌ಗೆ ಏನೂ ಆಗುವುದಿಲ್ಲ, ಯಾವ ಬಣ್ಣವೂ ಬರುವುದಿಲ್ಲ. ಸಾಲಿನ ಮೊದಲಿನ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು) ತಪ್ಪಾಗಿ ಓದಿದರೆ ಇಡೀ ಸಾಲು ಹೋಯಿತು. ಕೆಳಗಿನಿಂದ ಎರಡನೇ ಗೆರೆ ಟ್ರೆಬಲ್ ಕ್ಲೆಫ್‌ನಲ್ಲಿ ಜಿ, ಬೇಸ್ ಕ್ಲೆಫ್‌ನಲ್ಲಿ ಬಿ. ಆದರೂ ಪುಟ ನೋಡೋಕೆ ಲಕ್ಷಣವಾಗಿಯೇ ಇರುತ್ತದೆ.

ಕ್ಲೆಫ್ ತಪ್ಪಿದ್ದರೆ ಪ್ಲೇ ಒತ್ತಿದ ಕೂಡಲೇ ಕಿವಿಗೆ ಬಡಿಯುತ್ತದೆ. ಒಂಟಿ ಶಾರ್ಪ್ ಹಾಗಲ್ಲ. ವೇಗ ಇಳಿಸಿ, ಬಲಗೈ ಮತ್ತು ಎಡಗೈ ಭಾಗಗಳನ್ನು ಬೇರೆ ಬೇರೆಯಾಗಿ ಕೇಳಬೇಕು, ಕಣ್ಣು ಮೂಲ ಹಾಳೆ ಮೇಲೆ ಇರಬೇಕು. ಗೊತ್ತಿರುವ ಕೃತಿಯಾದರೆ ಇನ್ನೂ ಕಷ್ಟ. ಇಲ್ಲದ ಶಾರ್ಪನ್ನು ಕಿವಿಯೇ ತುಂಬಿಕೊಂಡುಬಿಡುತ್ತದೆ, ಅಲ್ವಾ?

ತಿದ್ದುವ ಜಾಗದ ಬಗ್ಗೆ ಒಂದು ಮಾತು. ಬೀಟ್ ತಪ್ಪುಗಳನ್ನು ಆಡಿವೆರಿಸ್‌ನಲ್ಲೇ ಮುಗಿಸುತ್ತೇನೆ, ಅಲ್ಲಿ ಸ್ಕ್ಯಾನ್ ಚಿತ್ರ ಗುರುತುಗಳ ಕೆಳಗೇ ಕಾಣುತ್ತದೆ. ಮಿಕ್ಕಿದ್ದು ಮ್ಯೂಸ್‌ಸ್ಕೋರ್‌ನಲ್ಲಿ. ಯಾವ ಬೆರಳಿನಿಂದ ನುಡಿಸಬೇಕು ಅಂತ ಹೇಳುವ ಬೆರಳು ಸಂಖ್ಯೆಗಳನ್ನೆಲ್ಲ ಅಳಿಸಿಬಿಟ್ಟೆ, ಅವು ನನಗೆ ಬೇಡ.

ಕೈಬರಹ

ಆಡಿವೆರಿಸ್ ಇರುವುದೇ ಅಚ್ಚಿನ ಹಾಳೆಗಳಿಗೆ. ಕೈಯಲ್ಲಿ ಬರೆದಾಗ ಗುಂಡು ಗುಂಡಾಗಿರುವುದಿಲ್ಲ, ಓರೆ ಗೀಟಾಗಿರುತ್ತದೆ. ಸ್ವರದ ನೆಟ್ಟಗಿನ ಕಡ್ಡಿ ಗುಂಡಿಗೆ ತಾಗಿರುವುದಿಲ್ಲ. ಒಬ್ಬೊಬ್ಬರ ಕ್ವಾರ್ಟರ್ ರೆಸ್ಟ್ ಒಂದೊಂದು ಥರ. ಕೈಬರಹದ ಸಂಗೀತ ಹಾಳೆಗಳ ಅಧ್ಯಯನಕ್ಕಾಗಿ ಸಂಶೋಧಕರು 50 ಸಂಗೀತಗಾರರಿಂದ ಒಂದೇ 20 ಪುಟಗಳನ್ನು ಬರೆಸಿ, 1000 ಪುಟಗಳ ಸಿವಿಸಿ-ಮುಸ್ಕಿಮಾ ಸಂಗ್ರಹ ಮಾಡಿದ್ದಾರೆ.

ನಾನು ಟೈಪ್ ಮಾಡುತ್ತಿದ್ದೇನೆ. ಮ್ಯೂಸ್‌ಸ್ಕೋರ್‌ನಲ್ಲಿ ಎನ್ ಒತ್ತಿ, 5 ಅಂದರೆ ಕ್ವಾರ್ಟರ್, 4 ಅಂದರೆ ಎಂಟನೇ ಸ್ವರ, 0 ಅಂದರೆ ರೆಸ್ಟ್. ಎ ಇಂದ ಜಿ ವರೆಗಿನ ಅಕ್ಷರ ಒತ್ತಿದರೆ ಸ್ವರ ಬೀಳುತ್ತದೆ. ಎಡಗೈ ಅಂಕಿ ಮೇಲೆ ಕೂರುವುದು ಅಭ್ಯಾಸವಾದ ಮೇಲೆ ಇದೇ ಬೇಗ. ಯಂತ್ರ ಅರ್ಧಂಬರ್ಧ ಓದಿದ್ದನ್ನು ಬಿಡಿಸುವುದಕ್ಕಿಂತ ಖಾಲಿ ಪುಟವೇ ವಾಸಿ.

ಬಾಕಿ

ಅಚ್ಚಿನ ಕಟ್ಟಿನಲ್ಲಿ ಟ್ರಿಪ್ಲೆಟ್ (ಎರಡು ಎಂಟನೇ ಸ್ವರದ ಜಾಗದಲ್ಲಿ ಮೂರು) ಪುಟಗಳು ಉಳಿದಿವೆ. ಮುದ್ರಕರು ಮೊದಲ ಒಂದೆರಡು ಬಾರ್‌ಗೆ 3 ಹಾಕಿ, ಆಮೇಲೆ ನುಡಿಸುವವರಿಗೆ ಗೊತ್ತಾಗುತ್ತದೆ ಅಂತ ಬಿಟ್ಟಿದ್ದಾರೆ. ನುಡಿಸುವವರಿಗೆ ಗೊತ್ತಾಗುತ್ತದೆ. ಸಾಫ್ಟ್‌ವೇರ್‌ಗೆ ಒಂದು ಬೀಟಿನ ಜಾಗದಲ್ಲಿ ಒಂದೂವರೆ ಕಾಣುತ್ತದೆ, ಪುಟಕ್ಕೆ ಪುಟವೇ ನಸುಗೆಂಪು. ಮುಂದೆ ಇವುಗಳ ಪ್ರತಿ ಗುಂಪಿಗೂ ಆಡಿವೆರಿಸ್‌ನಲ್ಲಿ 3 ಸೇರಿಸಬೇಕು. ಗ್ರೇಸ್ ನೋಟ್‌ಗಳು, ಅಂದರೆ ಬೀಟ್ ಲೆಕ್ಕಕ್ಕೆ ಬಾರದ ಅಲಂಕಾರದ ಪುಟ್ಟ ಸ್ವರಗಳು, ಅದಾದ ಮೇಲೆ.