ದಸರಾ ಗೊಂಬೆಗೆ ಬಿ. ಜಯಮ್ಮ: ಕೆಲಸ ಎಲ್ಲಿಗೆ ಬಂತು

ಜೂನ್, ಮಳೆ ಹಿಡಿಯುವ ಮುಂಚೆ

ಈ ವರ್ಷದ ಗೊಂಬೆಗೆ ವಿಷಯ ಗಟ್ಟಿಯಾಯಿತು. ಹಳೆಯ ಕಾಲದ ನಾಟಕ, ಸಿನಿಮಾ ನಟಿ ಬಿ. ಜಯಮ್ಮ. ಹೋದ ವರ್ಷ ಕಾಫಿ ತೋಟ ಮಾಡಿದ್ದೆ, ಅದಕ್ಕೂ ಹಿಂದೆ ಮುಳ್ಳಯ್ಯನಗಿರಿ. ಬಂದವರೆಲ್ಲ "ಚೆನ್ನಾಗಿದೆ ಕಣ್ರೀ" ಅಂತ ಕೋಸಂಬರಿ ತಿಂದು, ಕುಂಕುಮ ಇಟ್ಟುಕೊಂಡು ಹೋದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಈ ಸಲ ಕೇಳುವಂಥದ್ದನ್ನೇ ಇಡಬೇಕು ಅಂತ ಹಟ.

ಜಯಮ್ಮ ಹುಟ್ಟಿದ್ದು 1915ರಲ್ಲಿ, ನಮ್ಮ ಚಿಕ್ಕಮಗಳೂರಿನಲ್ಲೇ. ತೀರಿಕೊಂಡದ್ದು 1988ರಲ್ಲಿ. ಆ ನಡುವೆ ಕಂಪನಿ ನಾಟಕ, ಮೂಕಿ ಚಿತ್ರ, ಟಾಕಿ, ಕನ್ನಡ, ತೆಲುಗು, ತಮಿಳು ಎಲ್ಲವನ್ನೂ ಕಂಡವರು. ಬಸವನಹಳ್ಳಿಯ ನಮ್ಮ ಬೀದಿಯಲ್ಲಿ ಹೆಸರು ಹೇಳಿ ನೋಡಿದೆ. "ಯಾವ ಜಯಮ್ಮ?" ಗುಬ್ಬಿ ವೀರಣ್ಣನವರ ಪತ್ನಿ ಅಂದರೆ "ಓ, ಹಾಗೆ ಹೇಳಿ ಮತ್ತೆ". ಇನ್ನು ಕೆಲವರು "ರಾಜ್ಯಸಭೆಗೆ ಹೋಗಿದ್ರಲ್ಲ, ಅವರೇ ತಾನೆ?" ಅಂದರು. ಅದು ಬಿ. ಜಯಶ್ರೀ, ವೀರಣ್ಣನವರ ಮೊಮ್ಮಗಳು, 2013ರಲ್ಲಿ ಪದ್ಮಶ್ರೀ ಬಂದವರು. ಅವರಿಗೆ ಬೇಕಾದಷ್ಟು ಹೆಸರಿದೆ, ಅವರನ್ನು ಆಮೇಲೆ ಯಾವತ್ತಾದರೂ ನೋಡೋಣ.

ಅತ್ತೆಯವರ ಜೊತೆ ಜಾಗದ ಒಪ್ಪಂದವೂ ಆಯಿತು. ಮೇಲಿನ ಮೂರು ಮೆಟ್ಟಿಲು ಅವರದು: ಕಳಶ, ಪಟ್ಟದ ಗೊಂಬೆ, ದಶಾವತಾರ. ಕೆಳಗಿನ ಎರಡು ಮೆಟ್ಟಿಲು ಮತ್ತು ಎದುರಿನ ನೆಲ ನನಗೆ.

ಜೂನ್ ಕೊನೆ

ಮೊದಲು ರಂಗಮಂಚ, ಆಮೇಲೆ ಗೊಂಬೆ. ಅಳತೆಯನ್ನು ಒಂದು ಅಡಿಗೆ ಅರ್ಧ ಇಂಚು ಅಂತ ಇಟ್ಟುಕೊಂಡೆ. ಚೌಕಟ್ಟಿಗೆ ಸಿಲ್ವರ್ ಓಕ್ ತುಂಡು. ತೋಟದವರು ನೆರಳಿನ ಮರ ಸವರಿದಾಗ ಸಿಗುವುದು, ಕಾಸು ಕೊಡಬೇಕಾಗಿಲ್ಲ. ಆಚಾರ್ರು ಸೀಳಿಕೊಟ್ಟರು. "ಅಕ್ಕಾ, ಗೊಂಬೆ ಮನೆಗೆ ಇಷ್ಟು ಎತ್ತರ ಯಾಕೆ?" ಅಂದರು. ಪರದೆ ಸುತ್ತಿಕೊಂಡು ಮೇಲೆ ಹೋಗಬೇಕಲ್ಲ, ಆಚಾರ್ರೇ.

ಕಂಪನಿ ನಾಟಕದ ಅರ್ಧ ಜೀವ ಪರದೆಯಲ್ಲಿತ್ತು. ರಾಜಬೀದಿಯ ಪರದೆ ಇಳಿಸಿ, ಅದರ ಮುಂದೆ ಹಾಸ್ಯಗಾರರು ಜನರನ್ನು ನಗಿಸುತ್ತಿದ್ದಾಗ ಹಿಂದೆ ಸದ್ದಿಲ್ಲದೆ ದರ್ಬಾರು ಜೋಡಣೆಯಾಗುತ್ತಿತ್ತು. ಸಿಳ್ಳೆ ಬಿದ್ದ ಕೂಡಲೇ ಬೀದಿ ಮೇಲೆ ಹೋಗಿ ಸಿಂಹಾಸನ ಕಾಣಬೇಕು. ಅದಕ್ಕೇ ನನ್ನ ರಂಗಮಂಚದಲ್ಲೂ ಪರದೆಗಳು ಒಂದರ ಹಿಂದೊಂದು ಬರುತ್ತವೆ: ಬೀದಿ, ಉದ್ಯಾನ, ಕಾಡು, ದರ್ಬಾರು. ಕೋರಾ ಬಟ್ಟೆಗೆ ಗಂಜಿ ಹಾಕಿ ಬಿಗಿದು ಪೋಸ್ಟರ್ ಬಣ್ಣ ಬಳಿಯುತ್ತಿದ್ದೇನೆ. ಸುತ್ತುಕೋಲಿಗೆ ಮುರಿದ ಕೊಡೆಯ ಕಡ್ಡಿ.

ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ವೀರಣ್ಣನವರು ಬಾಲಕರಾಗಿ ಸೇರಿ, 1917ರ ಹೊತ್ತಿಗೆ ಅದರ ಮಾಲೀಕರಾದರು. ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲ ಅದು. ಹೆಂಗಸರು ಬಣ್ಣ ಹಚ್ಚಿದರೆ ಊರು ಏನೆನ್ನುತ್ತದೆ ಅನ್ನುವ ಭಯದ ನಡುವೆ ಅವರು ಕಲಾವಿದೆಯರನ್ನು ರಂಗಕ್ಕೆ ತಂದರು, ಜಯಮ್ಮ ಆ ಸಾಲಿನಲ್ಲಿ ಬೆಳೆದವರು. ಮೈಕಿಲ್ಲ. ಮುಂದೆ ಹಾರ್ಮೋನಿಯಂ ಮಾಸ್ತರು, ಪಕ್ಕದಲ್ಲಿ ತಬಲಾ. ಕಟ್ಟಕಡೆಯ ಚಾಪೆಯಲ್ಲಿ ಕೂತು ಎಲೆಅಡಿಕೆ ಹಾಕುವವನಿಗೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳಬೇಕು. ಹಾಡು ಚೆನ್ನಾಗಿ ಬಂದರೆ "ಒನ್ಸ್ ಮೋರ್" ಕೂಗು, ಮತ್ತೆ ಹಾಡಬೇಕು. ಹಾಗೆ ಬೆಳಗಿನ ಜಾವದವರೆಗೂ. ಹಾಡಲು ಬಾರದ ನಾಯಕಿ ಅನ್ನುವ ಜಾತಿಯೇ ಆ ರಂಗದಲ್ಲಿರಲಿಲ್ಲ.

ಇನ್ನೊಂದು ಯೋಚನೆಯೂ ಬಂತು. ಈ ಊರಿಗೆ ರೈಲು ಬಂದದ್ದೇ 2013ರಲ್ಲಿ. ಆಗಿನ ಕಾಲಕ್ಕೆ ಇಲ್ಲಿಗೆ ಬರಬೇಕಾದ ಪರದೆ, ಪೆಟ್ಟಿಗೆ, ಕಿರೀಟ ಎಲ್ಲ ಕಡೂರಿನ ಕಡೆ ಇಳಿದು ರಸ್ತೆ ಹಿಡಿಯಬೇಕಿತ್ತು. ಅದಕ್ಕಾಗಿ ರಂಗಮಂಚದ ಪಕ್ಕ ಒಂದು ಎತ್ತಿನ ಗಾಡಿ ನಿಲ್ಲಿಸುತ್ತೇನೆ. ಗಾಡಿ ಹಳೆಯ ಸೆಟ್ಟಿನಲ್ಲೇ ಇದೆ, ಹೊರೆ ಮಾತ್ರ ಹೊಸದಾಗಿ ಕಟ್ಟಬೇಕು.

ಜುಲೈ, ಆಷಾಢ

ಮಳೆ. ಬಟ್ಟೆ ಒಣಗದ ಊರಿನಲ್ಲಿ ಗೊಂಬೆ ಒಣಗುತ್ತದೆಯೇ?

ಹಳೆಯ ಪೇಪರನ್ನು ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಮುದ್ದೆ ಮಾಡಿದೆ. ಮೊರಕ್ಕೆ ಬಳಿಯುತ್ತಿದ್ದರಲ್ಲ, ಅದೇ ಪಾಕ, ಹುಳ ಹತ್ತುವುದಿಲ್ಲ. ಒಳಗೆ ಬೈಂಡಿಂಗ್ ತಂತಿಯ ಅಸ್ಥಿಪಂಜರ. ಮುಖಕ್ಕೆ ಮಾತ್ರ ಎಂ-ಸೀಲ್, ಏಕೆಂದರೆ ಮೂಗು ತುಟಿ ಪೇಪರ್ ಮುದ್ದೆಯಲ್ಲಿ ನಿಲ್ಲುವುದಿಲ್ಲ. ಒಣಗಿಸಲು ಬಚ್ಚಲ ಹಂಡೆ ಒಲೆಯ ಮೇಲಿನ ಅಟ್ಟ. ಅಲ್ಲಿಟ್ಟ ಮೊದಲ ಸುತ್ತಿನ ಗೊಂಬೆಗಳ ಬೆನ್ನಿನ ಮೇಲೆ ಬೂಷ್ಟು ಬಂತು. ಉಜ್ಜಿ, ಕರ್ಪೂರದ ಪುಡಿ ಸವರಿ, ಮತ್ತೆ ಅಲ್ಲೇ ಇಟ್ಟೆ. ಈಗ ಮನೆಮಂದಿಯೆಲ್ಲ ಸ್ನಾನ ಮಾಡುವಾಗ ಮೇಲಿಂದ ಜಯಮ್ಮ, ಅರ್ಜುನ, ಕಳ್ಳ ನೋಡುತ್ತಿರುತ್ತಾರೆ.

ಕಳ್ಳ ಅಂದರೆ ವೀರಣ್ಣನವರು, "ಸದಾರಮೆ"ಯ ಕಳ್ಳನ ವೇಷದಲ್ಲಿ. ಜನರನ್ನು ಹುಚ್ಚೆಬ್ಬಿಸಿದ ಪಾತ್ರ ಅದು. ಮೊದಲು ಅವರಿಬ್ಬರನ್ನೂ ಪಟ್ಟದ ಗೊಂಬೆ ಹಾಗೆ ಜೋಡಿಯಾಗಿ ನಡುವೆ ಕೂರಿಸು ಅಂತ ಅತ್ತೆ ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ನಡುವೆ ಜೋಡಿ ಕೂತರೆ ಬಂದವರು ವೀರಣ್ಣನವರನ್ನು ಗುರುತಿಸಿ, "ಪಕ್ಕದಲ್ಲಿ ಹೆಂಡ್ತಿ" ಅಂದುಕೊಂಡು ಮುಂದಿನ ಗೊಂಬೆಗೆ ಹೋಗುತ್ತಾರೆ. ಬೀದಿಯಲ್ಲಿ ಕೇಳಿದಾಗ ಆದದ್ದೂ ಅದೇ. ಅವರ ದೊಡ್ಡತನದ ಬಗ್ಗೆ ತಕರಾರಿಲ್ಲ. ಆ ಕಂಪನಿಯೇ ಇಲ್ಲದಿದ್ದರೆ ಜಯಮ್ಮನ ಕಂಠ ಕೇಳಲು ನಮಗೆ ದಾರಿಯೇ ಇರುತ್ತಿರಲಿಲ್ಲ. ಆದರೆ ಇದು ಜಯಮ್ಮನ ಮೆಟ್ಟಿಲು. ವೀರಣ್ಣನವರು ಸೈಡ್ ವಿಂಗಿನಲ್ಲಿ, ಕಳ್ಳನಾಗಿ, ಇಣುಕುತ್ತ ನಿಲ್ಲಲಿ.

ಮಗಳು ಬರೆದ ಪರಿಚಯದ ಕಾರ್ಡಿನಲ್ಲೂ ಮೊದಲ ಸಾಲು "ಗುಬ್ಬಿ ವೀರಣ್ಣನವರ ಪತ್ನಿ" ಅಂತಲೇ ಇತ್ತು. "ಅದು ನಾಲ್ಕನೇ ಸಾಲಿಗೆ ಹೋಗಲಿ ಪುಟ್ಟಿ" ಅಂದೆ. "ಹಾಗಾದ್ರೆ ಮೊದಲ್ನೇದು ಏನಮ್ಮಾ?" "ಚಿಕ್ಕಮಗಳೂರು."

ಜುಲೈ ಕೊನೆ

"ಕುರುಕ್ಷೇತ್ರ" ಸುಲಭವಾಗಿ ಮುಗಿಯಿತು. 1930ರ ದಶಕದಲ್ಲಿ ಗುಬ್ಬಿ ಕಂಪನಿ ಈ ನಾಟಕವನ್ನು ಬಯಲಿನಲ್ಲಿ, ನಿಜವಾದ ಆನೆ ಕುದುರೆ ತಂದು ಆಡಿತ್ತು. ನಮ್ಮ ಪೆಟ್ಟಿಗೆಯಲ್ಲಿ ಜಂಬೂಸವಾರಿಯ ಚನ್ನಪಟ್ಟಣದ ಆನೆಗಳಿವೆ. ಅಂಬಾರಿ ಬಿಚ್ಚಿಟ್ಟು ಯುದ್ಧಕ್ಕೆ ಕಳಿಸಿದೆ.

ಕಷ್ಟವಾದದ್ದು ಮೂಕಿ ಚಿತ್ರದ ಭಾಗ. ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ 1930ರ ಆಸುಪಾಸಿನಲ್ಲಿ ಮೂಕಿ ಚಿತ್ರ ತೆಗೆಸಿದರು. "ಹಿಸ್ ಲವ್ ಅಫೇರ್" ಅನ್ನುವುದನ್ನು ನಿರ್ದೇಶಿಸಿದ್ದು ಬೆಲ್ಜಿಯಂನವನಾದ ರಫಾಯೆಲ್ ಆಲ್ಗೊಯೆಟ್. ಅದರಲ್ಲಿ ಜಯಮ್ಮ ಇದ್ದರು. ಲೆಕ್ಕ ಹಾಕಿದರೆ ಹದಿನಾರರ ಆಜುಬಾಜು. ಕಂಠವೇ ಬಂಡವಾಳವಾದ ಹುಡುಗಿಗೆ ಸಿನಿಮಾ ಮೊದಲು ಸಿಕ್ಕಿದ್ದು ಬಾಯಿ ಕಟ್ಟಿಕೊಂಡು! ಕನ್ನಡದ ಮೊದಲ ಟಾಕಿ "ಸತಿ ಸುಲೋಚನ" ತೆರೆಗೆ ಬಂದದ್ದು 1934ರಲ್ಲಿ. ಅಲ್ಲಿಯವರೆಗೆ ರಾತ್ರಿ ರಂಗದಲ್ಲಿ ಒನ್ಸ್ ಮೋರ್, ಕ್ಯಾಮೆರಾದ ಮುಂದೆ ಬರೀ ತುಟಿ.

ಆ ಮೂಕಿಗಳು ಈಗ ನೋಡಲು ಸಿಗುವುದಿಲ್ಲ. ನೋಡದ ಮುಖಭಾವಕ್ಕೆ ಗೊಂಬೆ ಮಾಡುವುದು ಹೇಗೆ? ಕೊನೆಗೆ ಗೊಂಬೆಯನ್ನೇ ಕೈಬಿಟ್ಟೆ. ರಟ್ಟಿನಲ್ಲಿ ಆಕೃತಿ ಕತ್ತರಿಸಿ, ಬಿಳಿ ಬಟ್ಟೆಯ ಹಿಂದೆ ನಿಲ್ಲಿಸಿ, ಅದರ ಹಿಂದೆ ಒಂದು ಎಲ್‌ಇಡಿ. ನೆರಳು ಮಾತ್ರ ಕಾಣುತ್ತದೆ. ತೊಗಲುಗೊಂಬೆಯವರಿಂದ ಕದ್ದ ಉಪಾಯ. ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟವಾಗಿದೆ.

ಆಗಸ್ಟ್, ಶ್ರಾವಣ

ಅಂಗಡಿಯಲ್ಲಿ ಹಬ್ಬದ ರವಿಕೆಗಳ ರಾಶಿ, ಗೊಂಬೆಗೆ ಬಿಡುವಿಲ್ಲ. ಒಂದೇ ಲಾಭವೆಂದರೆ ಜರಿ ಅಂಚಿನ ತುಂಡುಗಳು ಮೂಟೆಗಟ್ಟಲೆ ಸಿಕ್ಕವು. 1941ರ "ಸುಭದ್ರಾ"ದ ಸೀರೆ ಅದರಲ್ಲೇ ಆಯಿತು. ಪಿ. ಪುಲ್ಲಯ್ಯನವರ ನಿರ್ದೇಶನ, ಜೊತೆಗೆ ಹೊನ್ನಪ್ಪ ಭಾಗವತರು. ಮರುವರ್ಷದ "ಜೀವನ ನಾಟಕ"ಕ್ಕೆ ಬರೀ ಕಾರ್ಡು ಸಾಕು.

ರಾತ್ರಿ ಇಸ್ತ್ರಿ ಮಾಡುತ್ತ "ಸ್ವರ್ಗಸೀಮ" ನೋಡಿದೆ, ಮೊಬೈಲಿನಲ್ಲಿ, ತುಂಡು ತುಂಡಾಗಿ. 1945ರ ತೆಲುಗು ಚಿತ್ರ, ವಾಹಿನಿಯದು, ಬಿ.ಎನ್. ರೆಡ್ಡಿಯವರ ನಿರ್ದೇಶನ. ಪತ್ರಿಕೆ ನಡೆಸುವ ಮೂರ್ತಿ, ಅದು ನಾಗಯ್ಯನವರು. ಬೀದಿಯಲ್ಲಿ ಹಾಡಿ ಕುಣಿಯುವ ಸುಬ್ಬಿ, ಅದು ಭಾನುಮತಿ. ಮೂರ್ತಿ ಅವಳನ್ನು ತಿದ್ದಿ ನಾಟಕದ ತಾರೆ ಸುಜಾತಾದೇವಿ ಮಾಡುತ್ತಾನೆ, ಹಾಗೆಯೇ ಮನೆ ಮಕ್ಕಳನ್ನು ಮರೆಯುತ್ತಾನೆ. ಮನೆಯಲ್ಲಿ ಉಳಿಯುವ ಹೆಂಡತಿ ಕಲ್ಯಾಣಿ ನಮ್ಮ ಜಯಮ್ಮ.

ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಕೂತುಬಿಟ್ಟೆ. ಚಿತ್ರದ ಕತೆ ನಾಟಕ ರಂಗದ ಥಳಕಿನ ಮೇಲೆ ನಿಂತಿದೆ. ರಂಗದ ರಾಣಿಯಾಗುವುದು ಸಿನಿಮಾದಿಂದಲೇ ಬಂದ ಭಾನುಮತಿ. ನಿಜವಾಗಿಯೂ ಪರದೆ, ಫೂಟ್‌ಲೈಟ್, ಒನ್ಸ್ ಮೋರ್‌ಗಳ ನಡುವೆ ಬೆಳೆದವರು ಮಾತ್ರ ಇಲ್ಲಿ ರಂಗದ ಕಡೆ ತಲೆಯೂ ಹಾಕದ ಗೃಹಿಣಿ. ಹಾಗಿದ್ದೂ ಅವರು ಏನು ಮಾಡುತ್ತಾರೆ ನೋಡಿ: ಏನೂ ಮಾಡುವುದಿಲ್ಲ. ಕಂಪನಿ ನಾಟಕದವರೆಂದರೆ ಕೈ ಬೀಸಿ, ಕಣ್ಣರಳಿಸಿ, ಕೊನೆಯ ಚಾಪೆಗೆ ಕೇಳುವಂತೆ ಮಾತಾಡುವವರು ಅಂತ ನಮ್ಮೆಲ್ಲರ ಲೆಕ್ಕ. ಕಲ್ಯಾಣಿ ಮಾತನ್ನು ಅರ್ಧಕ್ಕೆ ನುಂಗುತ್ತಾಳೆ. ಕ್ಯಾಮೆರಾ ಹತ್ತಿರವಿದೆ, ಕೂಗಬೇಕಾಗಿಲ್ಲ ಅನ್ನುವುದನ್ನು ಅವರು ಅಷ್ಟು ಬೇಗ ಅರಿತಿದ್ದರು. ಭಾನುಮತಿಯ ಹಾಡುಗಳು ಮನೆಮಾತಾದವು, ಘಂಟಸಾಲ ಹಿನ್ನೆಲೆ ಗಾಯಕರಾಗಿ ಮೊದಲು ಹಾಡಿದ್ದೂ ಇದೇ ಚಿತ್ರದಲ್ಲಿ. ಈ ಗದ್ದಲದಲ್ಲಿ ಕಲ್ಯಾಣಿಯನ್ನು ನೆನೆಯುವವರು ಕಡಿಮೆ. ಹಾಗಿದ್ದರೂ ಜಯಮ್ಮನ ನಟನೆ ಎಂಥದ್ದು ಅಂತ ನನ್ನನ್ನು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ನಮ್ಮೂರಿನ ಹೆಣ್ಣುಮಗಳನ್ನು ನೋಡಲು ತೆಲುಗು ಚಿತ್ರ ಹಾಕಿಕೊಳ್ಳಬೇಕಾಯಿತು, ಅದೊಂದು ಹೊಟ್ಟೆಕಿಚ್ಚು.

ಗೌರಿ ಹಬ್ಬಕ್ಕೆ ಮುಂಚೆ

ಕಲ್ಯಾಣಿಯ ಸೀರೆಗೆ ಯಾವ ಬಣ್ಣ? ಚಿತ್ರ ಕಪ್ಪುಬಿಳುಪು. ಹಸಿರು, ಅರಿಶಿನ ಅಂತ ನಾನೇ ಊಹಿಸಿ ಉಡಿಸಬಹುದಿತ್ತು. ಮಗಳು "ಎಲ್ಲಾನೂ ಗ್ರೇ ಮಾಡಮ್ಮಾ, ಮುಖಾನೂ" ಅಂದಳು. ಮಾಡಿದೆ. ಮೈ, ಸೀರೆ, ಕುರ್ಚಿ, ಗೋಡೆ, ಹೂದಾನಿ ಎಲ್ಲ ಬೂದು ಬಣ್ಣದ ಏರಿಳಿತದಲ್ಲಿ. ಬಣ್ಣದ ಗೊಂಬೆಗಳ ನಡುವೆ ಆ ಪೆಟ್ಟಿಗೆ ಒಂದೇ ಸಲಕ್ಕೆ ಕಣ್ಣಿಗೆ ಹೊಡೆಯುತ್ತದೆ.

ಅತ್ತೆ ನೋಡಿದರು. "ಹಬ್ಬದ ಗೊಂಬೆಗೆ ಮಸಿ ಬಳಿದಿಟ್ಟಿದೀಯಲ್ಲೇ, ಮುತ್ತೈದೆಯರು ಬರೋ ಮನೆ ಇದು."

"ಸಿನಿಮಾನೇ ಹಾಗಿದೆ ಅತ್ತೆ."

"ಸಿನಿಮಾ ಥಿಯೇಟರಲ್ಲಿರಲಿ."

ಮೂರು ದಿನ ಆ ಮಾತು ಹಾಗೇ ಉಳಿಯಿತು. ಆಮೇಲೆ ಅವರೇ ಕೆಂಪು ರೇಷ್ಮೆ ತುಂಡೊಂದನ್ನು ತಂದು, ಪೆಟ್ಟಿಗೆಯ ಸುತ್ತ ಝಾಲರಿ ಕಟ್ಟು ಅಂದರು. ಒಳಗೆ ಬೂದು, ಹೊರಗೆ ಕೆಂಪು. ನಾನೇ ಯೋಚಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಹೇಮರೆಡ್ಡಿ ಮಲ್ಲಮ್ಮ"ನಿಗೆ ಬಂದಾಗ ಅತ್ತೆ ಪೂರಾ ನನ್ನ ಕಡೆಯಾದರು. 1946ರ ಚಿತ್ರ, ಗುಬ್ಬಿಯವರದೇ ತಯಾರಿಕೆ, ಮಲ್ಲಮ್ಮನಾಗಿ ಜಯಮ್ಮ. ಕತೆ ಅವರಿಗೆ ಬಾಯಿಪಾಠ: ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆ, ಗಂಡನ ಮನೆಯ ಕಾಟ ಸಹಿಸಿದವಳು, ದಾರಿತಪ್ಪಿದ ಮೈದುನ ವೇಮನನನ್ನು ತಿದ್ದಿದವಳು. "ಅತ್ತೆ ಕಾಟ ಅಂದಾಗ ನನ್ ಕಡೆ ನೋಡ್ಬೇಡ" ಅಂತ ನಗುತ್ತ ತಮ್ಮ ಹಳೆಯ ಇಳಕಲ್ ಸೀರೆಯ ಸೆರಗಿನ ತುದಿ ಕತ್ತರಿಸಿ ಕೊಟ್ಟರು. ಹಣೆಗೆ ವಿಭೂತಿ ಎಳೆದದ್ದೂ ಅವರೇ, ಬೆಂಕಿಕಡ್ಡಿಯ ತುದಿಯಲ್ಲಿ. ಕಲ್ಯಾಣಿಯ ಪಕ್ಕ ಮಲ್ಲಮ್ಮ ನಿಂತಮೇಲೆ ಒಂದು ಹೊಳೆಯಿತು. ಎರಡೂ ಸಹಿಸುವ ಹೆಂಗಸರೇ, ಆದರೆ ಒಬ್ಬಳಿಗೆ ದೇವರಿದ್ದಾನೆ, ಇನ್ನೊಬ್ಬಳಿಗೆ ಬರೀ ಮಕ್ಕಳು ಮತ್ತು ಬಾಗಿಲು. ಹಾಗಾಗಿ ಮಲ್ಲಮ್ಮನ ಕಣ್ಣು ಮೇಲಕ್ಕೆ ಬರೆದೆ, ಕಲ್ಯಾಣಿಯದು ಬಾಗಿಲ ಕಡೆಗೆ.

ಸೆಪ್ಟೆಂಬರ್

ಉಳಿದದ್ದನ್ನು ಬೇಗ ಬೇಗ ಮುಗಿಸುತ್ತಿದ್ದೇನೆ. 1953ರ "ಗುಣಸಾಗರಿ"ಗೆ ಚಿಕ್ಕ ಜಾಗ. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಹೊನ್ನಪ್ಪ ಭಾಗವತರು, ಜಯಮ್ಮ, ವೀರಣ್ಣನವರ ಜೊತೆ ಪಂಢರಿಬಾಯಿ. ಮರುವರ್ಷ ಅದೇ ಸಿಂಹ ಅವರು "ಬೇಡರ ಕಣ್ಣಪ್ಪ" ಮಾಡಿದಾಗ ನಾಯಕಿ ಪಂಢರಿಬಾಯಿ, ನಾಯಕ ಗುಬ್ಬಿ ಕಂಪನಿಯಲ್ಲೇ ಪಳಗಿದ ಮುತ್ತುರಾಜ್, ಅಂದರೆ ರಾಜ್‌ಕುಮಾರ್. ಅಲ್ಲಿಂದ ಮುಂದೆ ಜಯಮ್ಮನಿಗೆ ಹಿರಿಯ ಹೆಂಗಸಿನ ಪಾತ್ರಗಳು. ನೆಲದ ಮೇಲೆ ಕಣ್ಣಪ್ಪನ ಗೊಂಬೆಯೂ ಬೇಕು ಅಂತ ಮಗಳ ಆಸೆ. ಬೇಡ ಅಂದೆ. ರಾಜ್‌ಕುಮಾರ್ ಬಂದರೆ ಮುಗಿಯಿತು, ಜನ ಫೋಟೊ ತೆಗೆಯುವುದು ಅವರ ಪಕ್ಕದಲ್ಲೇ.

ಪರದೆ ಎಳೆದರೆ ಒಂದು ಕಡೆ ವಾಲುತ್ತಿತ್ತು. ತೇವಕ್ಕೆ ಬಟ್ಟೆಯ ಒಂದು ಅಂಚು ಹಿಗ್ಗಿದೆ. ಆಚಾರ್ರು ಬಂದು ಕೆಳಗಿನ ಕೋಲಿಗೆ ಸೈಕಲ್ ಚಕ್ರದ ಕಡ್ಡಿ ಸೇರಿಸಿ ಭಾರ ಸಮ ಮಾಡಿದರು. ಈಗ ಬೀದಿ ಸರ್ರನೆ ಮೇಲೆ ಹೋಗುತ್ತದೆ, ದರ್ಬಾರಿನಲ್ಲಿ ಜಯಮ್ಮ ಒಬ್ಬರೇ ನಿಂತಿರುತ್ತಾರೆ. ಆಚಾರ್ರು ಅದನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿ ನೋಡಿ, "ಯಾರಕ್ಕಾ ಇವ್ರು?" ಅಂದರು. ಕೆಲಸ ಶುರುವಾದಾಗಿನಿಂದ ಯಾರಾದರೂ ತಾವಾಗಿ ಕೇಳಿದ್ದು ಇದೇ ಮೊದಲು. ಟೀ ಆರುವವರೆಗೂ ಹೇಳಿದೆ.

ಪಾಡ್ಯದೊಳಗೆ ಆಗಬೇಕಾದದ್ದು: ಫೂಟ್‌ಲೈಟಿನ ಎಲ್‌ಇಡಿಗಳಿಗೆ ಹಳದಿ ಜಿಲೇಟಿನ್ ಕಾಗದ, ಈಗಿನ ಬೆಳಕು ಆಸ್ಪತ್ರೆಯ ಹಾಗಿದೆ. ಹಾರ್ಮೋನಿಯಂ ಮಾಸ್ತರಿಗೆ ರುಮಾಲು. ಎತ್ತಿನ ಗಾಡಿಗೆ ಪೆಟ್ಟಿಗೆಗಳ ಹೊರೆ. ಕಳ್ಳನಿಗೆ ಮೀಸೆ ಇನ್ನೂ ಅಂಟಿಸಿಲ್ಲ, ಚೌರಿಯ ಕೂದಲು ಹುಡುಕುತ್ತಿದ್ದೇನೆ.