ಗುಂಯ್ ಅಂದದ್ದು ಸ್ಪೀಕರ್ ಅಲ್ಲ

ಮುಂಬೈನ ಅಂಧೇರಿಯಲ್ಲಿ ಬ್ಯಾಕ್‌ಲೈನ್ ಕೆಲಸಕ್ಕೆ, ಅಂದರೆ ವೇದಿಕೆಯ ಮೇಲಿನ ವಾದ್ಯ, ಆಂಪ್‌ಗಳನ್ನು ಜೋಡಿಸಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಬೇರೆಯವರ ವಾದ್ಯ ನನ್ನ ಕೈಯಲ್ಲಿ ಹಾಳಾದದ್ದು ಒಂದೇ ಸಲ, ಗೋವಾದ ವಾಗತೋರ್‌ನಲ್ಲಿ. ಇವತ್ತಿಗೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಾದ್ಯ ರೋಲ್ಯಾಂಡ್ ಜೂನೋ-106. 1984ರಲ್ಲಿ ಬಂದ ಸಿಂಥ್, ಅಂದರೆ ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಕೀಬೋರ್ಡ್. ಕಲಾವಿದರು ಟೋಕಿಯೋದಲ್ಲಿ ಕೊಂಡು, ಕಂಬಳಿಯಲ್ಲಿ ಸುತ್ತಿ ಮಗುವಿನ ಹಾಗೆ ತಂದಿದ್ದರು. ಚಪ್ಪಟೆ ಪಿನ್ನಿನ ಪ್ಲಗ್ ನೋಡಿದ ಕೂಡಲೇ ನಮ್ಮ ಸ್ಟೆಪ್‌ಡೌನ್ ಡಬ್ಬ ತಂದಿಟ್ಟೆ. 220 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಅದು. ಅಮೆರಿಕದ ಎಷ್ಟೋ ಆಂಪ್, ಡ್ರಮ್ ಮಷೀನ್ ಅದರಲ್ಲೇ ಓಡಿಸಿದ್ದೆವು. ಒಂದು ದಿನವೂ ತೊಂದರೆ ಆಗಿರಲಿಲ್ಲ.

"ಅಣ್ಣ, ಹಿಂದಿನ ಪ್ಲೇಟಲ್ಲಿ 100 ಅಂತಿದೆ" ಅಂದ ನಮ್ಮ ಉಡುಪಿಯ ಹುಡುಗ.

"ಹತ್ತು ವೋಲ್ಟ್ ತಾನೇ, ಹಾಕು" ಅಂದೆ.

ಸೌಂಡ್‌ಚೆಕ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಎರಡೇ ಪಿನ್, ಅರ್ಥ್ ಇಲ್ಲ, ಪಕ್ಕದಲ್ಲಿ ಲ್ಯಾಪ್‌ಟಾಪ್ ಬೇರೆ. ಗ್ರೌಂಡ್ ಲೂಪ್, ಅಂದರೆ ಅರ್ಥಿಂಗ್ ಗೊಂದಲದಿಂದ ಸ್ಪೀಕರಿನಲ್ಲಿ ಬರುವ ಗುಂಯ್‌ಗುಡುವಿಕೆ ಅಂತ ತೀರ್ಮಾನ ಮಾಡಿಬಿಟ್ಟೆ. ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಆ ಅರ್ಥ್ ಸಂಪರ್ಕ ಕಡಿಯುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದೆ. ಕೇಬಲ್ ಬದಲಿಸಿದೆ. ಚಾರ್ಜರ್ ಕಿತ್ತೆ. ಡಿಐ ಬಾಕ್ಸನ್ನೇ ಬದಲಿಸಿದೆ. ಹೀಗೇ ಹತ್ತು ನಿಮಿಷ ಕಳೆಯಿತು. ಆಮೇಲೆ ಮಾನಿಟರ್ ಡೆಸ್ಕ್‌ನಲ್ಲಿದ್ದ ಅದೇ ಹುಡುಗ ಚಾನೆಲ್ ಮ್ಯೂಟ್ ಮಾಡಿದ. ಸದ್ದು ನಿಲ್ಲಲಿಲ್ಲ. ಅದು ಸ್ಪೀಕರಿಂದ ಬರುತ್ತಲೇ ಇರಲಿಲ್ಲ, ಕೀಬೋರ್ಡಿನ ಹೊಟ್ಟೆಯಿಂದ ಬರುತ್ತಿತ್ತು.

ಹಿಂಭಾಗಕ್ಕೆ ಅಂಗೈ ಇಟ್ಟೆ. ದೋಸೆ ಕಾವಲಿ ಮುಟ್ಟಿದ ಹಾಗಾಯಿತು. ಪ್ಲಗ್ ಕೀಳಲು ಬಗ್ಗುವಷ್ಟರಲ್ಲಿ ಪ್ಯಾನೆಲ್ ದೀಪಗಳೆಲ್ಲ ಒಟ್ಟಿಗೆ ಆರಿದವು. ಸುಟ್ಟ ವಾರ್ನಿಷ್ ವಾಸನೆ. ಕಲಾವಿದರು ಬೈಯಲಿಲ್ಲ. ಕಂಬಳಿ ತಂದು ಅದರ ಮೇಲೆ ಹೊದಿಸಿದರು. ಆ ರಾತ್ರಿ ಲ್ಯಾಪ್‌ಟಾಪ್ ಮತ್ತು ಅದಕ್ಕೆ ಜೋಡಿಸುವ ಮಿಡಿ ಕೀಬೋರ್ಡಿನಲ್ಲೇ ನುಡಿಸಿದರು.

ಆಮೇಲೆ ಮೀಟರ್ ಹಿಡಿದೆ. ಜನರೇಟರ್ ಲೈನ್ 243. ಡಬ್ಬ ಅದನ್ನು ಅರ್ಧ ಮಾಡುತ್ತದೆ ಅಷ್ಟೇ, ಹೊರಗೆ 121. ಅಮೆರಿಕದ ಲೈನೇ 120, ಅಲ್ಲಿನ ಸಾಮಾನಿಗೆ ಇದು ಸರಿಹೋಗುತ್ತದೆ. ಹಾಗಾಗಿಯೇ ಇಷ್ಟು ವರ್ಷ ಡಬ್ಬದ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಟ್ಟಿದ್ದೆ. ಜಪಾನಿನಲ್ಲಿ ಮನೆಗೆ ಬರುವುದು 100. ನಾನು ಅಂದುಕೊಂಡ ಹತ್ತು ವೋಲ್ಟ್ ನಿಜದಲ್ಲಿ ಇಪ್ಪತ್ತೊಂದಾಗಿತ್ತು.

ಲ್ಯಾಮಿಂಗ್ಟನ್ ರೋಡಿನಲ್ಲಿ ರಿಪೇರಿ ಮಾಡುವ ಹುಬ್ಬಳ್ಳಿಯ ಕಾಕಾ ಅದನ್ನು ಬಿಚ್ಚಿದರು. ಟ್ರಾನ್ಸ್‌ಫಾರ್ಮರ್ ಸುತ್ತಿನ ಕಾಗದ ಕಂದುಗಟ್ಟಿತ್ತು, ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. "ಫ್ಯೂಸ್ ಯಾಕೆ ಹಾರಲಿಲ್ಲ ಕಾಕಾ?" ಅಂದೆ. "ಇದೇನು ಶಾರ್ಟ್ ಆಗೇತೇನು ತಮ್ಮಾ? ವೋಲ್ಟ್ ಜಾಸ್ತಿ ಆದ್ರ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಕೋರ್ ಅಯಸ್ಕಾಂತ ಶಕ್ತಿಯಿಂದ ತುಂಬಿಬಿಡ್ತದ, ಕರೆಂಟ್ ಸುಮ್ನ ಎಳೀತದ, ಒಳಗೊಳಗ ಬೇಯ್ತದ. ಗುಂಯ್ ಅಂದದ್ದು ಅದಾ." ಅಂದರೆ ವಾದ್ಯ ಹತ್ತು ನಿಮಿಷ ನನ್ನನ್ನು ಕೂಗಿ ಕರೆದಿತ್ತು. ನಾನು ಕೇಬಲ್ ಹಿಡಿದುಕೊಂಡು ಓಡಾಡಿದೆ.

100ರ ಟ್ರಾನ್ಸ್‌ಫಾರ್ಮರ್ ಬೇಕು ಅಂತ ಆಫೀಸಿಗೆ ಎರಡು ವರ್ಷದಿಂದ ಬರೆದಿದ್ದೆ. "ಒಂದು ಇದೆಯಲ್ಲ" ಅಂತಲೇ ಉತ್ತರ. ಲಕ್ಷಗಟ್ಟಲೆ ಲೈಟಿಗೆ ಸುರಿಯುತ್ತಾರೆ, ಇದಕ್ಕೆ ಕೈ ಬಿಗಿ. ಸಿಟ್ಟು ಈಗಲೂ ಇದೆ. ಆದರೆ ಮೀಟರ್ ಆ ದಿನ ನನ್ನ ಬ್ಯಾಗಿನಲ್ಲೇ ಇತ್ತು. ಅಳೆಯಬೇಡ ಅಂತ ಯಾರೂ ಹೇಳಿರಲಿಲ್ಲ.

ಈಗ ಕಾಕಾ ಕೈಯಲ್ಲೇ 240ರಿಂದ 100ಕ್ಕೆ ಒಂದು ಸುತ್ತಿಸಿಕೊಂಡಿದ್ದೇನೆ, ನನ್ನ ದುಡ್ಡಿನಲ್ಲಿ. ಏನೇ ಬರಲಿ, ಮೊದಲು ಪ್ಲೇಟ್ ಓದುತ್ತೇನೆ. 100-240 ಅಂತಿದ್ದರೆ ಬರೀ ಪಿನ್ ಬದಲಿಸಿದರೆ ಸಾಕು. ಹರ್ಟ್ಜ್ ಕೂಡ ನೋಡುತ್ತೇನೆ, ಯಾಕಂದರೆ ಅದನ್ನು ಯಾವ ಸ್ಟೆಪ್‌ಡೌನ್ ಡಬ್ಬವೂ ಬದಲಿಸುವುದಿಲ್ಲ. ಅಮೆರಿಕದ 60 ಹರ್ಟ್ಜ್‌ನ ಹಳೆಯ ಹ್ಯಾಮಂಡ್ ಆರ್ಗನ್ ನಮ್ಮ 50ರಲ್ಲಿ ಓಡಿದರೆ ಮೋಟಾರ್ ನಿಧಾನವಾಗಿ ಶ್ರುತಿ ಸುಮಾರು ಮೂರು ಮನೆ ಕೆಳಗಿಳಿಯುತ್ತದೆ.

ಜೂನೋ ರಿಪೇರಿಯಾಗಿ ಮನೆ ಸೇರಿತು. ಕಲಾವಿದರು ಮತ್ತೆ ನಮಗೆ ವಾದ್ಯ ಕೊಟ್ಟಿಲ್ಲ. ಕೊಡಿ ಅಂತ ಕೇಳುವ ಮುಖ ನನಗೂ ಇಲ್ಲ.