ಕುಸುಬಿ ಹಾಲಿನ್ಯಾಗ ಎಣ್ಣಿ ಯಾಕ ತೇಲಂಗಿಲ್ಲ? ಮಾಸ್ ಸ್ಪೆಕ್ ಏನ್ ಹೇಳ್ತದ

ನಮ್ ಕಲಬುರಗಿ ಕಡಿ ಕುಸುಬಿ ಹುಗ್ಗಿ ಮಾಡೋರಿಗೆ ಹೇಳೋದ ಬ್ಯಾಡ, ಕುಸುಬಿ ನೆನಿ ಹಾಕಿ ರುಬ್ಬಿ ಅರಿವ್ಯಾಗ ಸೋಸಿದ್ರ ಬೆಳ್ಳನ ಹಾಲು ಬರ್ತದ, ಅದೇ ಬೀಜ ಗಾಣಕ್ಕ ಹಾಕಿದ್ರ ಎಣ್ಣಿ ಒಂದ್ ಕಡಿ, ಹಿಂಡಿ ಒಂದ್ ಕಡಿ. ಎಣ್ಣಿ ಹಾಲಿನ್ಯಾಗೂ ಅದ. ಆದ್ರ ಹಾಲು ಇಟ್ರ ಮ್ಯಾಗ ಕೆನಿ ಕಟ್ತದ ಹೊರತು ಎಣ್ಣಿ ಬಿಟ್ಕೊಂಡು ತೇಲಂಗಿಲ್ಲ, ಯಾಕ? ಅಣುಗಳ ತೂಕ ಅಳಿಯೋ ಮಷೀನ್, ಮಾಸ್ ಸ್ಪೆಕ್ (ಮಾಸ್ ಸ್ಪೆಕ್ಟ್ರೋಮೀಟರ್), ಇದಕ್ಕ ಏನ್ ಹೇಳ್ತದ ನೋಡೋಣ.

ಬೀಜದೊಳಗ ಎಣ್ಣಿ ಸಣ್ಣ ಸಣ್ಣ ಹನಿ ಆಗಿ ಇರ್ತದ, ಒಂದ್ ಹನಿ ಹೆಚ್ಚುಕಮ್ಮಿ ಅರ್ಧದಿಂದ 2 ಮೈಕ್ರಾನ್. ನಡುವ ಟ್ರೈಗ್ಲಿಸರೈಡ್ (ಮೂರು ಕೊಬ್ಬಿನಾಮ್ಲ ಕಾಲಿನಂಗ ಹತ್ತಿರೋ ಎಣ್ಣಿ ಅಣು), ಸುತ್ತ ಫಾಸ್ಫೋಲಿಪಿಡ್‌ದು ಒಂದೇ ಪದರ, ಆ ಪದರಕ್ಕ ಓಲಿಯೋಸಿನ್ ಅನ್ನೋ ಪ್ರೋಟೀನ್ ಚುಚ್ಕೊಂಡು ನಿಂತಿರ್ತದ. ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗದಂಗ ತಡಿಯೋದು ಇದೇ. ಲ್ಯಾಬ್ ಪ್ರಯೋಗಕ್ಕ ಬಳಸೋ ಅರಾಬಿಡಾಪ್ಸಿಸ್ ಅನ್ನೋ ಸಣ್ಣ ಗಿಡದಾಗ ಓಲಿಯೋಸಿನ್ ಕಡಿಮಿ ಮಾಡಿ ನೋಡ್ಯಾರ, ಹನಿ ದೊಡ್ಡವಾದವು. ಅಂದ್ರ ಎಣ್ಣಿ ಎಷ್ಟದ ಅಂತ ಒಂದೇ ಅಳತಿ ತಗೊಂಡ್ರ ಏನೂ ತಿಳಿಯಂಗಿಲ್ಲ, ಪ್ರೋಟೀನ್ ಒಂದೇ ಅಳದ್ರೂ ಅಷ್ಟ, ಎರಡರ ಲೆಕ್ಕ ಒಂದೇ ಬೀಜದಿಂದ ಬೇಕು.

ಆದ್ರ ಲ್ಯಾಬ್‌ನ್ಯಾಗ ಭಾಳ ವರ್ಷ ನಡದದ್ದು ಗಾಣದ ಕೆಲಸಾನೇ. ಪ್ರೋಟೀನ್ ನೋಡೋರು ಮೊದಲು ಎಣ್ಣಿ ತಗದು ಚೆಲ್ತಾರ, ಲಿಪಿಡ್ (ಎಣ್ಣಿ, ಕೊಬ್ಬಿನಂಥ ಅಣು) ನೋಡೋರು ಪ್ರೋಟೀನ್ ಚೆಲ್ತಾರ. 1957ರ ಫೋಲ್ಚ್ ವಿಧಾನದಾಗ ಕ್ಲೋರೋಫಾರ್ಮ್, ಮೆಥನಾಲ್ ಹಾಕಿ ಅಲ್ಲಾಡಿಸಿದ್ರ ಲಿಪಿಡ್ ಕೆಳಗಿನ ಪದರಕ್ಕ ಇಳಿತದ, ಪ್ರೋಟೀನ್ ನಡುವ ಬೆಳ್ಳಗ ತಟ್ಟಿ ಆಗಿ ಕೂಡ್ತದ, ಲಿಪಿಡ್ ಬೇಕಂದ್ರ ಆ ತಟ್ಟಿ ದಾಟಿ ಪಿಪೆಟ್ ಇಳಿಸಬೇಕು, ಕಿರಿಕಿರಿ ಕೆಲಸ. 2008ರಾಗ ಎಂಟಿಬಿಇ ಅನ್ನೋ ದ್ರಾವಕದ ವಿಧಾನ ಬಂತು, ಅದರಾಗ ಲಿಪಿಡ್ ಮ್ಯಾಗ ಬರ್ತದ, ಪ್ರೋಟೀನ್ ತಳಕ್ಕ ಗಟ್ಟಿಯಾಗಿ ಕೂಡ್ತದ. ಮ್ಯಾಗಿಂದು ಲಿಪಿಡ್‌ಗೆ ತಗೋರಿ, ತಳದ್ದು ಯೂರಿಯಾದಾಗ ಕರಗಿಸಿ, ಪ್ರೋಟೀನ್ ಕತ್ತರಿಸೋ ಕಿಣ್ವ ಟ್ರಿಪ್ಸಿನ್ ಹಾಕಿ ರಾತ್ರಿಯಿಡೀ 37 ಡಿಗ್ರಿಗೆ ಬಿಡ್ರಿ. ಒಂದೇ ಟ್ಯೂಬು, ಚೆಲ್ಲೋದು ಏನಿಲ್ಲ. ಮಷೀನ್‌ನ್ಯಾಗ ಓಡಿಸೋದು ಮಾತ್ರ ಎರಡು ಸಲ, ಯಾಕಂದ್ರ ಮಷೀನಿಗೆ ಹೋಗೋ ಮೊದಲು ಅಣು ಬೇರ್ಪಡಿಸೋ ಕೊಳವಿ, ಅಂದ್ರ ಕಾಲಮ್ಮಿಗೆ ಹಾಕೋ ದ್ರಾವಕ ಬ್ಯಾರೆ ಬ್ಯಾರೆ. "ಮಲ್ಟಿ ಓಮಿಕ್ಸ್" (ಹಲವು ಬಗಿ ಅಣು ಕೂಡಿಸಿ ಅಳಿಯೋದು) ಅಂತ ದೊಡ್ಡ ಹೆಸರು ಇಟ್ಕೊಂಡು ಈ ಬೀಜದ್ದು ಲಿಪಿಡ್, ಆ ಬೀಜದ್ದು ಪ್ರೋಟೀನ್ ಅಳದು ಜೋಡಿಸೋರನ್ನ ಕಂಡ್ರ ನಂಗ ಸಿಟ್ಟು ಬರ್ತದ, ಹೋಗ್ಲಿ ಬಿಡ್ರಿ.

ಲಿಪಿಡ್ ಕಡಿಯಿಂದ ನೋಡಿದ್ರ ಕುಸುಬಿ ಭಾಳ ಸರಳ, ಮಾಮೂಲಿ ತಳಿಯ ಎಣ್ಣಿಯಾಗ ಹೆಚ್ಚಿನ ಪಾಲು ಲಿನೋಲಿಕ್ ಅನ್ನೋ ಕೊಬ್ಬಿನಾಮ್ಲ. ಮೂರೂ ಕಾಲು ಲಿನೋಲಿಕ್ ಇರೋ ಟ್ರೈಗ್ಲಿಸರೈಡ್ ಅಮೋನಿಯಂ ಹಿಡ್ಕೊಂಡು 896.77 ತೂಕಕ್ಕ ಕಾಣ್ತದ, ಅದನ್ನ ಮಷೀನ್ ಒಳಗ ಒಡದ್ರ 599.5 ತೂಕದ ತುಂಡು ಬರ್ತದ, ಅಂದ್ರ ಒಂದ್ ಲಿನೋಲಿಕ್ ಮತ್ತ ಅಮೋನಿಯಾ ಕಳಚಿತು. ಒಡಿಯೋದು ಯಾಕ ಬೇಕಂದ್ರ, ಓಲಿಕ್, ಸ್ಟಿಯರಿಕ್ ಅನ್ನೋವೂ ಕೊಬ್ಬಿನಾಮ್ಲಗಳೇ; ಎರಡು ಓಲಿಕ್ ಒಂದು ಲಿನೋಲಿಕ್ ಇರೋದು, ಒಂದು ಸ್ಟಿಯರಿಕ್ ಎರಡು ಲಿನೋಲಿಕ್ ಇರೋದು, ಎರಡರ ತೂಕಾನೂ ಒಂದೇ, ಬರೇ ತೂಕ ನೋಡಿ ಗುರ್ತು ಹಿಡಿಯಾಕ ಆಗಂಗಿಲ್ಲ.

ಓಲಿಯೋಸಿನ್ ಮಾತ್ರ ತಲಿ ತಿಂತದ. ಟ್ರಿಪ್ಸಿನ್ ಪ್ರೋಟೀನ್‌ನ್ಯಾಗ ಲೈಸಿನ್, ಆರ್ಜಿನಿನ್ ಅನ್ನೋ ಅಮೈನೋ ಆಮ್ಲ ಇದ್ದಲ್ಲಿ ಕತ್ತರಿಸ್ತದ, ಆದ್ರ ಓಲಿಯೋಸಿನ್‌ದು ಎಣ್ಣಿಯೊಳಗ ಇಳದಿರೋ ಸುಮಾರು 70 ಅಮೈನೋ ಆಮ್ಲದ ಭಾಗದಾಗ ಅವು ಹೆಚ್ಚುಕಮ್ಮಿ ಇರೋದ ಇಲ್ಲ, ಎಣ್ಣಿ ಅಂದ್ರ ಪ್ರೀತಿ ಇರೋ ತುಂಡು ಅದು, ಹಿಂಗಾಗಿ ಅಷ್ಟುದ್ದ ತುಂಡು ಕಾಲಮ್ಮಿಗೆ ಅಂಟಿ ಕೂತ್ಕೊಂಡುಬಿಡ್ತದ. ಸಿಗೋದು ಬರೇ ಎರಡು ತುದಿ. ಬ್ಯಾರೆ ಜಾಗಾದಾಗ ಕತ್ತರಿಸೋ ಕಿಣ್ವ ಕೈಮೋಟ್ರಿಪ್ಸಿನ್ ಹಾಕಿದ್ರ ಒಂದಿಷ್ಟು ನಡುವಿಂದೂ ಬರ್ತದ. ಮಷೀನ್ ಕೊಡೋ ಪ್ರೋಟೀನ್ ಪಟ್ಟಿಯಾಗ ಓಲಿಯೋಸಿನ್ ಕೆಳಗ ಬಂದದ ಅಂದ್ರ ಬೀಜದಾಗ ಕಮ್ಮಿ ಅದ ಅಂತ ತಿಳೀಬ್ಯಾಡ್ರಿ.

ಇನ್ನೊಂದು ದಾರಿ ಅದ, ಒಡೀದನ ನೋಡೋದು. ಎಲೆಕ್ಟ್ರೋಸ್ಪ್ರೇ (ವಿದ್ಯುತ್ ಹಾಕಿ ದ್ರವನ ಸಣ್ಣ ತುಂತುರು ಮಾಡಿ ಅಣುನ ಮಷೀನಿಗೆ ಹಾರಿಸೋ ವಿಧಾನ), ಜಾನ್ ಫೆನ್‌ಗ 2002ರ ನೊಬೆಲ್ ಬಂತಲ್ಲ, ಅದರಾಗ ಮೆತ್ತಗ ಹಾರಿಸಿದ್ರ ಪೊರಿಯ ಪ್ರೋಟೀನ್ ತನಗ ಅಂಟಿದ ಲಿಪಿಡ್ ಸಮೇತ ಮಷೀನ್ ಒಳಗ ಬರ್ತದ. ಆಕ್ಸ್‌ಫರ್ಡಿನ ಕ್ಯಾರಲ್ ರಾಬಿನ್ಸನ್ ತಂಡ ಇದನ್ನ ಬೆಳಸ್ತು, ಲಿಪಿಡ್ ಒಂದು ಹತ್ತಿತೋ ಎರಡು ಹತ್ತಿತೋ ತೂಕದಾಗೇ ಎಣಸ್ತಾರ. ಕುಸುಬಿ ಹನಿಗೆ ಇದು ಸರಿ ಹೊಂದಂಗಿಲ್ಲ ಅನಿಸ್ತದ ನಂಗ, ಒಂದ್ ಹನಿಯೊಳಗ ಅಷ್ಟು ಎಣ್ಣಿ ಅದ.

ಇಲ್ಲಿಂದ ಹೈದರಾಬಾದಿಗೋ ಬೆಂಗಳೂರಿಗೋ ಸ್ಯಾಂಪಲ್ ಕಳಸೋರಿಗೆ ಒಂದ್ ಮಾತು. ಲಿಪಿಡ್ ಭಾಗ ಗಾಜಿನ ಸೀಸ್ಯಾಗ ಇಡ್ರಿ, ದ್ರಾವಕ ಪ್ಲಾಸ್ಟಿಕ್‌ನಿಂದ ಕಸ ಎಳ್ಕೊಂಡು ಬರ್ತದ. ನೈಟ್ರೋಜನ್ ಊದಿ ಒಣಗಿಸಿ ಡ್ರೈ ಐಸ್ ಹಾಕೇ ಕಳಸ್ರಿ, ನಮ್ ಮೇ ತಿಂಗಳ ಬಿಸಲಿಗೆ ಲಿನೋಲಿಕ್ ಗಾಳಿ ಕುಡದು ಕೆಡ್ತದ. ಅದಕ್ಕ ಒಂದ್ ಆಕ್ಸಿಜನ್ ಪರಮಾಣು ಹತ್ತಿದ್ರ ಲಿಪಿಡ್ ಲೆಕ್ಕದಾಗ 15.99 ಜಾಸ್ತಿ ಕಾಣ್ತದ, ಪ್ರೋಟೀನ್‌ದಾಗ ಮೆಥಿಯೋನಿನ್ ಅನ್ನೋ ಅಮೈನೋ ಆಮ್ಲಕ್ಕೂ ಅದೇ 15.99 ಹತ್ತತದ. ಎರಡೂ ಒಂದೇ ಟ್ಯೂಬಿನವು ಆಗಿ ಎರಡರಾಗೂ ಇದು ಜಾಸ್ತಿ ಕಂಡ್ರ, ಬೀಜದ ಮ್ಯಾಗ ಸಂಶಯ ಪಡೋಕಿಂತ ಮೊದಲು ದಾರಿಯಾಗ ಡಬ್ಬಿ ಎಲ್ಲಿ ಕೂತಿತ್ತು ಅಂತ ಕೇಳ್ರಿ.